ಪಡಸಾಲೆಯಲ್ಲಿ ಬೆಳ್ಳಿತೆರೆ

೧೯೭೫ನೆಯ ಇಸವಿಯ ಆಗಸ್ಟ್ ೧ರಂದು, ಆಗ ಬಿಜಾಪುರವೆಂದು ಕರೆಯಲಾಗುತ್ತಿದ್ದ ವಿಜಯಪುರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಅದುವರೆಗೆ ಕಾಣದಿದ್ದ ನೋಟವೊಂದು ಮೊದಲಾಯಿತು. ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ನೆಲೆಸಿದ್ದ ಅಮೆರಿಕದ ಏಟಿಎಸ್-೬ ಎಂಬ ಉಪಗ್ರಹವು ಕಳುಹಿಸಿದ ಅಲೆಗಳನ್ನು, ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ೩ ಮೀಟರ್ ಅಗಲದ ಬೋಗುಣಿಯೊಂದು ಹಿಡಿದು, ಹಳ್ಳಿಗೊಂದರಂತೆ ಇರಿಸಿದ್ದ ಕಪ್ಪು-ಬಿಳುಪಿನ ದೂರದರ್ಶನ ಯಂತ್ರಕ್ಕೆ ಒಪ್ಪಿಸುತ್ತಿತ್ತು. ದೇಶದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ ಒಂದು ವರ್ಷದ ಕಾಲ ನಡೆದ ಈ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡವು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಒಂದು ಯಂತ್ರದ ಮುಂದೆ ಊರಿಗೆ ಊರೇ ನೆರೆಯುತ್ತಿತ್ತು. ಮುಂದೆ ಕುಳಿತ ಮಕ್ಕಳಿಗೆ ಮುಖಗಳು ಕಂಡಿರಬೇಕು. ಹಿಂದೆ ನಿಂತವರಿಗೆ ಬೆಳಕು ಮಾತ್ರ ಕಂಡಿರಬೇಕು.

ಆ ಪ್ರಯೋಗ ನಡೆದು ಈಗ ಐವತ್ತು ವರ್ಷಗಳು ಸಂದಿವೆ. ಹಳ್ಳಿಗೊಂದಿದ್ದ ಯಂತ್ರವು ಬಹುಮಟ್ಟಿಗೆ ಮನೆಗೊಂದಾಗಿದೆ. ತೆರೆಯು ವರ್ಷದಿಂದ ವರ್ಷಕ್ಕೆ ಗೋಡೆಯನ್ನು ಆಕ್ರಮಿಸುತ್ತಿದೆ. ಟಾಕೀಸಿಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಸಂಸಾರಗಳು ಪಡಸಾಲೆಯಲ್ಲಿಯೇ ಕುಳಿತು ಚಲಚ್ಚಿತ್ರ ನೋಡುತ್ತವೆ. ಆದರೂ ಯಂತ್ರವನ್ನು ಕೊಳ್ಳಹೋದವರ ಮುಂದಿರುವ ಪ್ರಶ್ನೆ ಆ ಗುಂಪಿನ ಮುಂದಿದ್ದುದೇ: ಎಷ್ಟು ದೂರದಿಂದ, ಎಷ್ಟು ಜನರಿಗೆ, ಎಷ್ಟು ಚೆನ್ನಾಗಿ ಕಾಣುತ್ತದೆ? ಇದರ ಉತ್ತರಕ್ಕೆ ಪ್ರೌಢಶಾಲೆಯ ರೇಖಾಗಣಿತವೂ ಬೆಳಕಿನ ಪಾಠವೂ ಸಾಕು. ಅದನ್ನು ಇಲ್ಲಿ ಒಂದು ನಿಜವಾದ ಪ್ರಸಂಗವನ್ನು ಮುಂದಿಟ್ಟುಕೊಂಡು ವಿವರಿಸುತ್ತೇವೆ.

ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಪರಿಚಯದ ಒಂದು ಒಕ್ಕಲುತನದ ಮನೆಯಿದೆ. ಕಳೆದ ಸುಗ್ಗಿಯಲ್ಲಿ ತೊಗರಿ ಮಾರಿ ಬಂದ ಹಣದಲ್ಲಿ ಮನೆಯ ಯಜಮಾನರು ೪೦,೦೦೦ ರೂಪಾಯಿಗಳನ್ನು ದೊಡ್ಡದೊಂದು ದೂರದರ್ಶನಕ್ಕೆಂದು ತೆಗೆದಿರಿಸಿದ್ದರು. ಮಗಳು ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಾಳೆ. ಅವರ ತಾಯಿಗೆ ಎಂಬತ್ತು ದಾಟಿದೆ. ಕಣ್ಣು ಮಂದವಾಗಿದ್ದರೂ ಸಿನಿಮಾದ ಹುಚ್ಚು ಬಿಟ್ಟಿಲ್ಲ. ಅಂಗಡಿಗೆ ಹೋಗುವಾಗ ನಮ್ಮನ್ನೂ ಜೊತೆಗೆ ಕರೆದರು. ಹೊರಡುವ ಮುನ್ನ ಆಯಿ ಹೇಳಿದ್ದು ಒಂದೇ ಮಾತು: “ಮಾರಿ ಕಾಣಬೇಕು ತಮ್ಮಾ. ಮಾರಿ ಕಾಣಲಿಲ್ಲಂದ್ರ ಅದ್ಯಾತರ ಸಿನಿಮಾ?”

ಅಂಗಡಿಯಲ್ಲಿ ಅವರ ಹಣಕ್ಕೆ ಎರಡು ಯಂತ್ರಗಳು ನಿಲುಕುತ್ತಿದ್ದವು. ಒಂದು ೪೩ ಅಂಗುಲದ್ದು. ಅದರ ಅಂಚಿನ ಮೇಲೆ ಕ್ಯೂ.ಎಲ್.ಇ.ಡಿ., ಎಚ್.ಡಿ.ಆರ್. ಮೊದಲಾದ ಆರೇಳು ಚೀಟಿಗಳು ಅಂಟಿದ್ದವು. ಇನ್ನೊಂದು ೫೫ ಅಂಗುಲದ್ದು. ಚೀಟಿಗಳು ಕಡಿಮೆ, ಬೆಲೆ ಮೊದಲನೆಯದಕ್ಕಿಂತ ತುಸು ಕಡಿಮೆಯೇ. ೬೫ ಅಂಗುಲದ ಮೂರನೆಯದೊಂದು ಹಣದ ಮಿತಿಯನ್ನು ಮೀರಿ ಗೋಡೆಯ ನಡುವೆ ಉರಿಯುತ್ತಿತ್ತು. ನೂರು ಟ್ಯೂಬುಲೈಟಿನ ಬೆಳಕಿನಲ್ಲಿ ಚೀಟಿಗಳ ಯಂತ್ರವೇ ಎಲ್ಲಕ್ಕಿಂತ ಹೊಳೆಯುತ್ತಿತ್ತು. ಯಜಮಾನರ ಮನಸ್ಸು ಅದರ ಮೇಲೆ ಹೋದುದರಲ್ಲಿ ಆಶ್ಚರ್ಯವಿಲ್ಲ. ನಾವು ಮಾತ್ರ, ಇಂದು ಏನನ್ನೂ ಕೊಳ್ಳುವುದು ಬೇಡ, ಮನೆಗೆ ಹೋಗಿ ಅಳತೆ ಮಾಡೋಣ ಎಂದೆವು. ಅಂಗಡಿಯವನಿಗೆ ಇದು ರುಚಿಸಲಿಲ್ಲ.

ಮೊದಲು ‘ಅಂಗುಲ’ವೆಂಬುದನ್ನೇ ವಿಚಾರಿಸೋಣ. ೫೫ ಅಂಗುಲವೆಂದರೆ ತೆರೆಯ ಅಗಲವಲ್ಲ, ಎತ್ತರವೂ ಅಲ್ಲ. ಮೂಲೆಯಿಂದ ಮೂಲೆಗೆ ಎಳೆದ ಕರ್ಣ. ಈಗಿನ ತೆರೆಗಳಲ್ಲಿ ಅಗಲಕ್ಕೂ ಎತ್ತರಕ್ಕೂ ೧೬:೯ರ ಪ್ರಮಾಣವಿರುವುದರಿಂದ ಪೈಥಾಗೊರಸನ ಪ್ರಮೇಯವನ್ನು ಪ್ರಯೋಗಿಸಿ ಉಳಿದ ಅಳತೆಗಳನ್ನು ಪಡೆಯಬಹುದು. ೪೩ ಅಂಗುಲದ ತೆರೆಯ ಅಗಲ ಸುಮಾರು ೯೫ ಸೆಂಟಿಮೀಟರ್, ೫೫ರದು ೧೨೨, ೬೫ರದು ೧೪೪. ಕ್ಷೇತ್ರಫಲವು ಕರ್ಣದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಂಬುದನ್ನು ಮರೆಯಬಾರದು. ೪೩ರಿಂದ ೫೫ಕ್ಕೆ ಏರಿದಾಗ ಕರ್ಣವು ನೂರಕ್ಕೆ ೨೮ರಷ್ಟು ಮಾತ್ರ ಹೆಚ್ಚಿದಂತೆ ತೋರುತ್ತದೆ. ಚಿತ್ರದ ವಿಸ್ತಾರವಾದರೋ ನೂರಕ್ಕೆ ೬೪ರಷ್ಟು ಹೆಚ್ಚುತ್ತದೆ.

ಆದರೆ ಸೆಂಟಿಮೀಟರಿನ ಲೆಕ್ಕವೂ ಅರ್ಧ ಸತ್ಯವೇ. ನಮ್ಮ ಕಣ್ಣು ಉದ್ದವನ್ನು ಅಳೆಯುವುದಿಲ್ಲ, ಕೋನವನ್ನು ಅಳೆಯುತ್ತದೆ. ಹುಣ್ಣಿಮೆಯ ಚಂದ್ರನ ವ್ಯಾಸ ೩,೪೭೪ ಕಿಲೋಮೀಟರ್. ಆದರೂ ಚಾಚಿದ ಕೈಯ ಕಿರುಬೆರಳು ಅವನನ್ನು ಮುಚ್ಚಿಬಿಡುತ್ತದೆ, ಏಕೆಂದರೆ ಅವನು ನಮ್ಮ ಕಣ್ಣಿನಲ್ಲಿ ಮಾಡುವ ಕೋನ ಅರ್ಧ ಡಿಗ್ರಿ ಮಾತ್ರ. ತೆರೆಯ ದೊಡ್ಡತನವೂ ಹಾಗೆಯೇ. ಕುಳಿತ ಸ್ಥಳದಿಂದ ತೆರೆಯ ಎಡದಂಚಿಗೊಂದು ಬಲದಂಚಿಗೊಂದು ಗೆರೆ ಎಳೆದರೆ ಅವುಗಳ ನಡುವೆ ಉಂಟಾಗುವ ಕೋನವೇ ನಿಜವಾದ ‘ಗಾತ್ರ’. ಚಲಚ್ಚಿತ್ರ ನೋಡಲು ಈ ಕೋನವು ಸುಮಾರು ೩೦ ಡಿಗ್ರಿಯಾದರೂ ಇರಬೇಕೆಂದು ಆ ವಿದ್ಯೆಯ ತಜ್ಞರು ಶಿಫಾರಸು ಮಾಡಿದ್ದಾರೆ. ಟಾಕೀಸಿನಲ್ಲಿ ಮುಳುಗಿದಂತಹ ಅನುಭವ ಬೇಕೆನ್ನುವವರು ೪೦ರವರೆಗೆ ಹೋಗುತ್ತಾರೆ.

ಕೋನವನ್ನು ಅಳೆಯಲು ಉಪಕರಣ ಬೇಕಿಲ್ಲ. ಕೈಯನ್ನು ಪೂರ್ತಿಯಾಗಿ ಮುಂದಕ್ಕೆ ಚಾಚಿ ಮುಷ್ಟಿ ಕಟ್ಟಿದರೆ ಮುಷ್ಟಿಯ ಅಗಲವು ಸುಮಾರು ೧೦ ಡಿಗ್ರಿಯನ್ನು ಆವರಿಸುತ್ತದೆ. ಬೆರಳುಗಳನ್ನು ಅಗಲಿಸಿದ ಗೇಣು ಸುಮಾರು ೨೦ ಡಿಗ್ರಿಯನ್ನು. ನಕ್ಷತ್ರ ನೋಡುವವರು ಬಳಸುವ ಈ ಹಳೆಯ ಯುಕ್ತಿಯನ್ನು ಇಲ್ಲಿಯೂ ಬಳಸಬಹುದು. ಮಾಮೂಲಿನ ಸ್ಥಳದಲ್ಲಿ ಕುಳಿತು ತೆರೆಯು ಮೂರು ಮುಷ್ಟಿ ಅಗಲವಾಗಿ ಕಂಡರೆ ಸಿನಿಮಾಕ್ಕೆ ಅದು ಒಪ್ಪುವ ಗಾತ್ರವೆಂದು ತಿಳಿಯಬೇಕು.

ಆ ಹಳ್ಳಿಯ ಮನೆಯಲ್ಲಿ ನಾವು ಮಾಡಿದುದು ಇದನ್ನೇ. ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ ೯೫ಕ್ಕೆ ೫೪, ೧೨೨ಕ್ಕೆ ೬೯, ೧೪೪ಕ್ಕೆ ೮೧ ಸೆಂಟಿಮೀಟರಿನ ಮೂರು ಹಾಳೆಗಳನ್ನು ಮಗಳು ಸಿದ್ಧಪಡಿಸಿದಳು. ಒಂದಾದ ಮೇಲೊಂದರಂತೆ ಗೋಡೆಗೆ ಹಚ್ಚಿದೆವು. ಪಡಸಾಲೆಯಲ್ಲಿ ಎಲ್ಲರೂ ಕುಳಿತುಕೊಳ್ಳುವುದು ಎದುರುಗೋಡೆಗೆ ಒರಗಿ. ಅಲ್ಲಿಂದ ಹಾಳೆಗೆ ೧೦ ಅಡಿ. ಅಷ್ಟು ದೂರದಿಂದ ೪೩ರ ಹಾಳೆ ಮಾಡುವ ಕೋನ ೧೮ ಡಿಗ್ರಿಗೂ ಕಡಿಮೆ. ೫೫ರದು ಸುಮಾರು ೨೩. ೬೫ರದು ಸುಮಾರು ೨೭. ಅಂಗಡಿಯಲ್ಲಿ ನಾಲ್ಕು ಅಡಿಯಿಂದ ನೋಡಿ ಭಾರಿಯೆಂದುಕೊಂಡಿದ್ದ ೪೩ ಅಂಗುಲವು ಪಡಸಾಲೆಯ ಗೋಡೆಯ ಮೇಲೆ ಎಷ್ಟು ಬಡವಾಗಿ ಕಂಡಿತೆಂದರೆ ಯಜಮಾನರು ಹಾಳೆಯ ಅಳತೆ ತಪ್ಪಿರಬೇಕೆಂದು ಟೇಪು ಹಿಡಿದು ಮತ್ತೊಮ್ಮೆ ಅಳೆದರು.

ಇಲ್ಲಿ ಒಂದು ಹೋಲಿಕೆಯನ್ನು ಕೊಡಬಹುದು. ೧೬ ಅಡಿ ಅಗಲದ ತೆರೆ ಕಟ್ಟಿದ ಒಂದು ಟೂರಿಂಗ್ ಟಾಕೀಸನ್ನು ಊಹಿಸಿಕೊಳ್ಳಿ. ೬೦ ಅಡಿ ಹಿಂದೆ ಕುಳಿತವನಿಗೆ ಆ ತೆರೆ ಕಾಣುವುದು ೧೫ ಡಿಗ್ರಿಯಷ್ಟು ಮಾತ್ರ. ೧೦ ಅಡಿ ದೂರದ ೪೩ ಅಂಗುಲದ ಯಂತ್ರವು ಅದಕ್ಕಿಂತ ತುಸು ಮೇಲು. ಅರ್ಥಾತ್, ಆ ಯಂತ್ರವನ್ನು ಕೊಂಡವನು ತನ್ನ ಮನೆಯಲ್ಲಿಯೇ ಡೇರೆಯ ಕೊನೆಯ ಸಾಲಿನ ಸಮೀಪದ ಟಿಕೆಟನ್ನು ಕೊಂಡಂತೆ.

ಹಾಗಾದರೆ ೬೫ ಅಂಗುಲದ್ದಕ್ಕೆ ಸಾಲ ಮಾಡಬೇಕೆ? ಈ ಪ್ರಶ್ನೆಗೆ ಮಗಳೇ ಉತ್ತರ ಕಂಡುಕೊಂಡಳು. “ಕಾಕಾ, ತೆರೀನ ಯಾಕ ದೊಡ್ಡದು ಮಾಡಬೇಕು? ಜಮಖಾನಾನ ಮುಂದ ಎಳದ್ರ ಆಗೂದಿಲ್ಲೇನು?” ಜಮಖಾನವನ್ನು ಎರಡೂವರೆ ಅಡಿ ಮುಂದಕ್ಕೆ ಎಳೆದು ಕುಳಿತೆವು. ಏಳೂವರೆ ಅಡಿಯಿಂದ ೫೫ ಅಂಗುಲದ ಹಾಳೆಯು ನೆಟ್ಟಗೆ ಮೂರು ಮುಷ್ಟಿಯಾಯಿತು. ೧೦ ಅಡಿಯಿಂದ ಇದೇ ೩೦ ಡಿಗ್ರಿಯನ್ನು ಪಡೆಯಬೇಕಾದರೆ ೭೩ ಅಂಗುಲದ ಯಂತ್ರ ಬೇಕಾಗುತ್ತಿತ್ತು. ದೂರದರ್ಶನದ ಅಂಗಡಿಗಳಲ್ಲಿ ಮಾರುವ ಅಂಗುಲಗಳಿಗೆ ಬೆಲೆಯುಂಟು. ಜಮಖಾನವನ್ನು ಎಳೆದು ಪಡೆಯುವ ಅಂಗುಲಗಳಿಗೆ ಬೆಲೆಯಿಲ್ಲ. ಒಂದು ಸುಲಭ ಸೂತ್ರವನ್ನು ಓದುಗರು ನೆನಪಿಟ್ಟುಕೊಳ್ಳಬಹುದು: ಕುಳಿತುಕೊಳ್ಳುವ ದೂರವನ್ನು ಅಡಿಗಳಲ್ಲಿ ಅಳೆದು ಏಳೂಕಾಲರಿಂದ ಏಳೂವರೆಯ ಒಳಗಿನ ಸಂಖ್ಯೆಯಿಂದ ಗುಣಿಸಿದರೆ ೩೦ ಡಿಗ್ರಿಗೆ ಬೇಕಾದ ಕರ್ಣವು ಅಂಗುಲಗಳಲ್ಲಿ ದೊರೆಯುತ್ತದೆ.

ಹತ್ತಿರ ಕುಳಿತರೆ ಚಿತ್ರವು ಚುಕ್ಕೆಚುಕ್ಕೆಯಾಗಿ ಒಡೆದು ಕಾಣುವುದಿಲ್ಲವೆ ಎಂಬ ಶಂಕೆ ಬರುವುದು ಸಹಜ. ಕಣ್ಣಿನ ವೈದ್ಯರ ಗೋಡೆಯ ಮೇಲೆ ತೂಗುವ ಅಕ್ಷರಪಟವನ್ನು ಎಲ್ಲರೂ ಬಲ್ಲರು. ೬ ಮೀಟರ್ ದೂರದಿಂದ ಸಾಧಾರಣ ದೃಷ್ಟಿಯವನು ಓದಬಲ್ಲ ಅಕ್ಷರದ ಎತ್ತರ ಸುಮಾರು ೮.೭ ಮಿಲಿಮೀಟರ್, ಅದು ಕಣ್ಣಿನಲ್ಲಿ ಮಾಡುವ ಕೋನ ೫ ಮಿನಿಟು, ಅದರ ಒಂದೊಂದು ಗೀಟಿನ ದಪ್ಪವು ಮಾಡುವ ಕೋನ ೧ ಮಿನಿಟು. (ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲೇ ಮಿನಿಟು.) ಇದಕ್ಕಿಂತ ಕಿರಿದಾದ ಎರಡು ಚುಕ್ಕೆಗಳನ್ನು ಅಕ್ಷಿಪಟವು ಬೇರ್ಪಡಿಸಲಾರದು, ಅವೆರಡೂ ಕೂಡಿ ಒಂದಾಗಿ ಕಾಣುತ್ತವೆ.

ಈಗ ಲೆಕ್ಕ ಮಾಡೋಣ. ಫೋರ್-ಕೆ ಎಂಬ ತೆರೆಯ ಅಗಲದಲ್ಲಿ ೩,೮೪೦ ಚಿತ್ರಬಿಂದುಗಳಿರುತ್ತವೆ. ೫೫ ಅಂಗುಲದ ತೆರೆಯಲ್ಲಿ ಒಂದು ಬಿಂದುವಿನ ಅಗಲ ೦.೩೨ ಮಿಲಿಮೀಟರ್. ಇದು ೧ ಮಿನಿಟಿನ ಕೋನ ಮಾಡಬೇಕಾದರೆ ೧.೧ ಮೀಟರಿನಷ್ಟು, ಅಂದರೆ ಮೂರೂವರೆ ಅಡಿಯಷ್ಟು, ಹತ್ತಿರ ಹೋಗಬೇಕು. ೧,೯೨೦ ಬಿಂದುಗಳ ಫುಲ್ ಎಚ್.ಡಿ. ಚಿತ್ರವಾದರೆ ಈ ದೂರವು ಎರಡರಷ್ಟು, ಎಂದರೆ ಏಳು ಅಡಿ. ನಮ್ಮ ಜಮಖಾನವು ಏಳೂವರೆ ಅಡಿಯಲ್ಲಿದೆ. ಆದುದರಿಂದ ಅಲ್ಲಿ ಕುಳಿತವರಿಗೆ ಫುಲ್ ಎಚ್.ಡಿ. ಚಿತ್ರವೂ ಫೋರ್-ಕೆ ಚಿತ್ರವೂ ಬಹುಪಾಲು ಒಂದೇ. ಈ ಗಾತ್ರದ ಯಂತ್ರಗಳು ಈಗ ಫೋರ್-ಕೆ ಆಗಿಯೇ ಬರುವುದರಿಂದ ಅದಕ್ಕಾಗಿ ಚಿಂತಿಸಬೇಕಾಗಿಲ್ಲ; ಎಂಟು-ಕೆ ಎಂದು ಹೇಳಿ ಹೆಚ್ಚು ಹಣ ಕೇಳಿದರೆ ಮಾತ್ರ ಈ ಲೆಕ್ಕವನ್ನು ಜ್ಞಾಪಿಸಿಕೊಳ್ಳಬೇಕು. ಇನ್ನೊಂದು ಮಾತು. ಹಳೆಯ ಕನ್ನಡ ಚಿತ್ರಗಳನೇಕವು ೫೭೬ ಗೆರೆಗಳ ಹಳೆಯ ಪ್ರತಿಗಳಾಗಿಯೇ ದೊರೆಯುತ್ತವೆ. ೫೫ ಅಂಗುಲದ ಮೇಲೆ ಅಂಥ ಗೆರೆಯೊಂದರ ಎತ್ತರ ೧.೨ ಮಿಲಿಮೀಟರ್, ಅದು ೧೩ ಅಡಿಯವರೆಗೂ ಕಣ್ಣಿಗೆ ಸಿಕ್ಕುತ್ತದೆ. ಅವುಗಳ ಒರಟುತನಕ್ಕೆ ಯಂತ್ರವನ್ನು ದೂರುವುದು ನ್ಯಾಯವಲ್ಲ.

ಗಾತ್ರದ ಮಾತು ಇಷ್ಟಾಯಿತು. ಇನ್ನು ಬೆಳಕು. ನಮ್ಮ ಅಭಿಪ್ರಾಯದಲ್ಲಿ ಹಣ ಪೋಲಾಗುವುದು ಹೆಚ್ಚಾಗಿ ಇಲ್ಲಿಯೇ. ಆದುದರಿಂದ ಸ್ವಲ್ಪ ನಿಧಾನಿಸೋಣ.

೧೮೮೮ರಲ್ಲಿ ಫ್ರೀಡ್ರಿಖ್ ರೈನಿಟ್ಸರ್ ಎಂಬ ಆಸ್ಟ್ರಿಯದ ಸಸ್ಯವಿಜ್ಞಾನಿಯು ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದಾಗ ಅದು ೧೪೫ ಡಿಗ್ರಿ ಸೆಲ್ಸಿಯಸಿನ ಸುಮಾರಿಗೆ ಕರಗಿ ಕದಡಿದ ದ್ರವವಾಗಿ, ೧೭೮ರ ಮೇಲೆ ಮತ್ತೆ ತಿಳಿಯಾದುದನ್ನು ಕಂಡನು. ದ್ರವದಂತೆ ಹರಿಯುತ್ತಲೂ ಸ್ಫಟಿಕದಂತೆ ಅಣುಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳುತ್ತಲೂ ಇದ್ದ ಈ ವಿಚಿತ್ರ ವಸ್ತುವಿಗೆ ದ್ರವಸ್ಫಟಿಕವೆಂಬ ಹೆಸರು ಬಂದಿತು. ಇಂದಿನ ಬಹುತೇಕ ದೂರದರ್ಶನಗಳ ತೆರೆಯು ಇದರದೇ. ಹಿಂದೆ ಒಂದು ಬಿಳಿಯ ದೀಪ. ಮುಂದೆ ಲಕ್ಷಾಂತರ ಸಣ್ಣ ಕಿಟಕಿಗಳು. ಪ್ರತಿ ಕಿಟಕಿಯಲ್ಲಿ ಎರಡು ಧ್ರುವೀಕರಣ ಹಾಳೆಗಳ ನಡುವೆ ದ್ರವಸ್ಫಟಿಕ. ವಿದ್ಯುತ್ತು ಅಣುಗಳನ್ನು ತಿರುಗಿಸಿದಂತೆ ಕಿಟಕಿಯು ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ‘ಎಲ್.ಇ.ಡಿ. ಟಿ.ವಿ.’ ಎಂಬುದು ಹಿಂದಿನ ದೀಪದ ಹೆಸರೇ ಹೊರತು ತೆರೆಯ ಹೆಸರಲ್ಲ. ‘ಕ್ಯೂ.ಎಲ್.ಇ.ಡಿ.’ ಎಂಬುದರಲ್ಲಿಯೂ ತೆರೆ ಇದೇ. ದೀಪದ ನೀಲಿ ಬೆಳಕನ್ನು ಶುದ್ಧವಾದ ಕೆಂಪು ಹಸಿರುಗಳಾಗಿ ಮಾರ್ಪಡಿಸುವ ಕ್ವಾಂಟಮ್ ಚುಕ್ಕೆಗಳ ಪದರವೊಂದು ಹೆಚ್ಚಿಗೆ ಇರುತ್ತದೆ. ಆ ಚುಕ್ಕೆಗಳನ್ನು ಕಂಡುಹಿಡಿದವರಿಗೆ ೨೦೨೩ರ ರಸಾಯನ ನೊಬೆಲ್ ಸಂದಿತು. ಬಣ್ಣಗಳು ಮೆರುಗು ಪಡೆಯುವುದು ನಿಜ. ಆದರೆ ಕತ್ತಲೆಯ ದೃಶ್ಯವೊಂದರಲ್ಲಿ ಕಿಟಕಿಯು ಸೋರಿದರೆ ಚುಕ್ಕೆಗಳು ಅದನ್ನು ಮುಚ್ಚಲಾರವು.

ಕಿಟಕಿ ಸೋರುತ್ತದೆ ಎಂದೆವಷ್ಟೆ. ಯಾವ ದ್ರವಸ್ಫಟಿಕವೂ ಬೆಳಕನ್ನು ಸಂಪೂರ್ಣವಾಗಿ ತಡೆಯದು. ತೆರೆಯ ಅತ್ಯಂತ ಬಿಳಿಯ ಭಾಗವು ಅತ್ಯಂತ ಕರಿಯ ಭಾಗಕ್ಕಿಂತ ಎಷ್ಟು ಪಾಲು ಪ್ರಕಾಶಮಾನವೋ ಅದನ್ನು ವೈದೃಶ್ಯವೆನ್ನುತ್ತಾರೆ. ದ್ರವಸ್ಫಟಿಕದ ತೆರೆಗಳಲ್ಲಿ ಎರಡು ಮುಖ್ಯ ಜಾತಿಗಳಿವೆ. ವಿ.ಎ. ಎಂಬುದರಲ್ಲಿ ಕಿಟಕಿಗಳು ಬಿಗಿಯಾಗಿ ಮುಚ್ಚುತ್ತವೆ. ವೈದೃಶ್ಯವು ೩,೦೦೦ ಅಥವಾ ಅದಕ್ಕೂ ಹೆಚ್ಚು. ಐ.ಪಿ.ಎಸ್. ಎಂಬುದರಲ್ಲಿ ಸೋರಿಕೆ ಹೆಚ್ಚು, ವೈದೃಶ್ಯ ಸುಮಾರು ೧,೦೦೦. ಆದರೆ ಪಕ್ಕದಿಂದ ನೋಡಿದಾಗ ಬಣ್ಣ ಮಾಸುವುದು ಕಡಿಮೆ. ಬಿಂದುವೊಂದೊಂದೂ ತಾನೇ ದೀಪವಾಗಿರುವ ಓ.ಎಲ್.ಇ.ಡಿ. ಎಂಬ ಮೂರನೆಯ ಜಾತಿಯುಂಟು. ಅದರಲ್ಲಿ ಕರಿಯ ಬಿಂದುವೆಂದರೆ ಆರಿದ ದೀಪ. ಸಿನಿಮಾಕ್ಕೆ ಅದಕ್ಕೆ ಸಾಟಿಯಿಲ್ಲ. ಬೆಲೆಯು ನಮ್ಮ ಯಜಮಾನರ ತೊಗರಿಗೆ ನಿಲುಕುವಂಥದಲ್ಲ.

ಇನ್ನು ಹಗಲಿಗೂ ರಾತ್ರಿಗೂ ಏನಾಗುತ್ತದೆಂಬುದನ್ನು ನೋಡೋಣ. ಎರಡು ಯಂತ್ರಗಳೂ ಬಿಳಿಯ ಭಾಗದಲ್ಲಿ ಚದರ ಮೀಟರಿಗೆ ೩೦೦ ಕ್ಯಾಂಡೆಲಾ ಪ್ರಕಾಶ ಕೊಡುತ್ತವೆಂದು ಇಟ್ಟುಕೊಳ್ಳಿ. ಆಗ ಕತ್ತಲೆ ಕೋಣೆಯಲ್ಲಿ ವಿ.ಎ. ತೆರೆಯ ಕಪ್ಪು ೦.೧, ಐ.ಪಿ.ಎಸ್. ತೆರೆಯ ಕಪ್ಪು ೦.೩. ಈಗ ಬಾಗಿಲು ತೆರೆದು ಪಡಸಾಲೆಗೆ ೨೦೦ ಲಕ್ಸ್ ಬೆಳಕು ಬರಲಿ. ತೆರೆಯ ಮೇಲ್ಮೈ ಅದರಲ್ಲಿ ನೂರಕ್ಕೆ ೫ರಷ್ಟನ್ನು ಚದರಿಸಿ ಹಿಂದಿರುಗಿಸಲಿ. ೨೦೦ನ್ನು ೦.೦೫ರಿಂದ ಗುಣಿಸಿ ೩.೧೪ರಿಂದ ಭಾಗಿಸಿದರೆ ೩.೨ ಬರುತ್ತದೆ. ಈ ೩.೨ ಕ್ಯಾಂಡೆಲಾ ಬಿಳಿಗೂ ಕೂಡುತ್ತದೆ, ಕಪ್ಪಿಗೂ ಕೂಡುತ್ತದೆ. ವಿ.ಎ. ತೆರೆಯ ವೈದೃಶ್ಯ ೩೦೩.೨ನ್ನು ೩.೩ರಿಂದ ಭಾಗಿಸಿ ೯೨ ಆಯಿತು. ಐ.ಪಿ.ಎಸ್.ನದು ೩೦೩.೨ನ್ನು ೩.೫ರಿಂದ ಭಾಗಿಸಿ ೮೭. ಕತ್ತಲೆಯಲ್ಲಿ ಮೂರು ಪಾಲು ಮೇಲಾಗಿದ್ದ ಯಂತ್ರವು ಬೆಳಕಿನಲ್ಲಿ ಇನ್ನೊಂದಕ್ಕೆ ಸರಿಸುಮಾರು ಸಮಾನವಾಗಿಬಿಟ್ಟಿತು!

ಅಂಗಡಿಯು ನಮ್ಮ ಪಡಸಾಲೆಗಿಂತಲೂ ಪ್ರಕಾಶಮಾನ. ಅಲ್ಲಿ ವೈದೃಶ್ಯವನ್ನು ಕಣ್ಣಿನಿಂದ ತೀರ್ಮಾನಿಸುವುದು ಅಸಾಧ್ಯ, ಹೊಳಪೊಂದೇ ಗೆಲ್ಲುತ್ತದೆ. ಅಂಗಡಿಯವರು ಹಚ್ಚಿಡುವ ‘ವಿವಿಡ್’ ಎಂಬ ಕ್ರಮದಲ್ಲಿ ಬಿಳಿಯು ನೀಲಿಗೆ ತಿರುಗಿರುವುದೂ ಇದೇ ಕಾರಣದಿಂದ, ಏಕೆಂದರೆ ನೀಲಿ ಬೆರೆತ ಬಿಳಿಯು ಹೆಚ್ಚು ಬೆಳ್ಳಗಿರುವಂತೆ ಭ್ರಮೆ ಹುಟ್ಟಿಸುತ್ತದೆ. ಇಲ್ಲಿ ಎಚ್.ಡಿ.ಆರ್. ಎಂಬ ಚೀಟಿಯ ವಿಷಯವನ್ನೂ ಹೇಳಿಬಿಡಬೇಕು. ಸೂರ್ಯನ ಹೊಳಪನ್ನೂ ನೆರಳಿನ ಕಪ್ಪನ್ನೂ ಒಂದೇ ಚಿತ್ರದಲ್ಲಿ ತೋರಿಸುವುದು ಅದರ ಉದ್ದೇಶ. ಅಂಥ ಚಿತ್ರವನ್ನು ಸ್ವೀಕರಿಸಬಲ್ಲ ಯಂತ್ರಕ್ಕೆಲ್ಲ ಆ ಚೀಟಿಯನ್ನು ಅಂಟಿಸುತ್ತಾರೆ. ಆದರೆ ೩೦೦ ಕ್ಯಾಂಡೆಲಾ ಮಾತ್ರ ಕೊಡುವ, ಹಿಂದಿನ ದೀಪವನ್ನು ಭಾಗಭಾಗವಾಗಿ ಮಂಕುಗೊಳಿಸಲಾರದ ಯಂತ್ರವು ಅದನ್ನು ತೋರಿಸುವುದಾದರೂ ಹೇಗೆ? ಚೀಟಿಗೆ ಹಣ ಕೊಡುವ ಮೊದಲು ಪ್ರಕಾಶದ ಅಂಕಿಯನ್ನು ಕೇಳಬೇಕು. ಅಂಕಿ ಹೇಳದಿದ್ದರೆ ಚೀಟಿಗೆ ಬೆಲೆ ಕಟ್ಟಬೇಕಾಗಿಲ್ಲ.

ಅಗ್ಗದ ಪ್ರೊಜೆಕ್ಟರೊಂದನ್ನು ತಂದು ಗೋಡೆಯ ಮೇಲೆ ೧೦೦ ಅಂಗುಲದ ಚಿತ್ರ ಬಿಡಬಾರದೇಕೆ ಎಂದು ಮಗಳು ಕೇಳಿದಳು. ಬೇರೆ ಮನೆಯಲ್ಲಾದರೆ ಇದು ಒಳ್ಳೆಯ ಸಲಹೆಯೇ. ೧೦೦ ಅಂಗುಲದ ಚಿತ್ರದ ಕ್ಷೇತ್ರಫಲ ಸುಮಾರು ೨.೭೬ ಚದರ ಮೀಟರ್. ೫೦೦ ಲ್ಯೂಮೆನ್‌ನ ಪ್ರೊಜೆಕ್ಟರು ಅದರ ಮೇಲೆ ಕೆಡವುವ ಬೆಳಕು ೧೮೧ ಲಕ್ಸ್. ಪಡಸಾಲೆಯ ಹಗಲುಬೆಳಕು ೨೦೦ ಲಕ್ಸ್ ಇದ್ದಾಗ ‘ಕಪ್ಪು’ ಭಾಗದಲ್ಲಿ ೨೦೦, ‘ಬಿಳಿ’ ಭಾಗದಲ್ಲಿ ೩೮೧. ವೈದೃಶ್ಯವು ಎರಡನ್ನೂ ಮುಟ್ಟಲಿಲ್ಲ. ಬಿಳಿಯ ಬಟ್ಟೆಯು ತನಗೆ ಬಂದ ಬೆಳಕನ್ನೆಲ್ಲ, ಬೇಕಾದುದನ್ನೂ ಬೇಡದುದನ್ನೂ, ಹಿಂದಿರುಗಿಸುತ್ತದೆ. ಟೂರಿಂಗ್ ಟಾಕೀಸಿನವರು ಹೊತ್ತು ಮುಳುಗುವವರೆಗೆ ಕಾಯುತ್ತಿದ್ದುದು ಸುಮ್ಮನೆ ಅಲ್ಲ. ಬೇಸಗೆಯಲ್ಲಿ ಬಾಗಿಲನ್ನೂ ಬೆಳಕಿಂಡಿಯನ್ನೂ ತೆರೆದಿಡಲೇಬೇಕಾದ ಈ ಸೀಮೆಯ ಮನೆಯಲ್ಲಿ ಪ್ರೊಜೆಕ್ಟರು ರಾತ್ರಿಯ ಸಾಧನ ಮಾತ್ರ.

ಬೇಡದ ಬೆಳಕಿನ ಇನ್ನೊಂದು ಉಪದ್ರವ ಪ್ರತಿಬಿಂಬ. ಇದಕ್ಕೆ ಅತ್ಯಂತ ಸರಳವಾದ ಪರೀಕ್ಷೆಯುಂಟು. ತೆರೆ ಬರಬೇಕಾದ ಸ್ಥಳದಲ್ಲಿ ಒಬ್ಬರು ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿಯಲಿ. ಇನ್ನೊಬ್ಬರು ಜಮಖಾನದ ಮೇಲೆ ಕುಳಿತು ನೋಡಲಿ. ಕನ್ನಡಿಯಲ್ಲಿ ಬಾಗಿಲು ಕಂಡರೆ ನಾಳೆ ತೆರೆಯಲ್ಲಿಯೂ ಬಾಗಿಲು ಕಾಣುತ್ತದೆ. ಪತನಕೋನವು ಪರಾವರ್ತನಕೋನಕ್ಕೆ ಸಮವೆಂಬ ನಿಯಮವು ಎರಡಕ್ಕೂ ಒಂದೇ. ಅವರ ಮನೆಯಲ್ಲಿ ಮೊದಲು ಗೊತ್ತುಮಾಡಿದ್ದ ಗೋಡೆ ತಲೆಬಾಗಿಲಿಗೆ ನೇರ ಎದುರಾಗಿತ್ತು. ಪಕ್ಕದ ಗೋಡೆಗೆ ಬದಲಾಯಿಸಿದೆವು. ಅಲ್ಲಿಯೂ ಎದುರುಗೋಡೆಗೆ ಹತ್ತೇ ಅಡಿ. ತೂಗುಹಾಕುವ ಎತ್ತರವನ್ನೂ ಇಳಿಸಿದೆವು. ದೇವರ ಪಟದಂತೆ ಮೇಲೆ ಹಾಕಿದರೆ ನೆಲದ ಮೇಲೆ ಕುಳಿತವರ ಕುತ್ತಿಗೆ ಮೂರು ತಾಸು ಸೋಲುತ್ತದೆ. ತೆರೆಯ ನಡುಭಾಗವು ಕುಳಿತವರ ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸುವೇ ಮೇಲಕ್ಕೆ ಇರತಕ್ಕದ್ದು.

ಚಲಚ್ಚಿತ್ರಗಳ ಆಕಾರದ ವಿಷಯವನ್ನು ಅನೇಕರು ಗಮನಿಸುವುದಿಲ್ಲ. ೧೯೫೪ರ ‘ಬೇಡರ ಕಣ್ಣಪ್ಪ’ದ ಕಾಲದ ಚಿತ್ರಗಳು ಬಹುಮಟ್ಟಿಗೆ ಚೌಕವನ್ನು ಹೋಲುತ್ತವೆ, ಅಗಲವು ಎತ್ತರದ ೧.೩೭ರಷ್ಟು. ೫೫ ಅಂಗುಲದ ತೆರೆಯಲ್ಲಿ ಅವು ೯೪ ಸೆಂಟಿಮೀಟರ್ ಅಗಲವನ್ನು ಮಾತ್ರ ತುಂಬಿ, ಎಡಬಲಗಳಲ್ಲಿ ಕಪ್ಪು ಪಟ್ಟಿಗಳನ್ನು ಉಳಿಸುತ್ತವೆ. ಅಮೆರಿಕದಲ್ಲಿ ೧೯೫೩ರಲ್ಲಿಯೂ ನಮ್ಮ ದೇಶದಲ್ಲಿ ೧೯೫೯ರ ‘ಕಾಗಜ್ ಕೇ ಫೂಲ್’ನಲ್ಲಿಯೂ ಬಂದ ಸಿನಿಮಾಸ್ಕೋಪು ಇದಕ್ಕೆ ವಿರುದ್ಧ, ಅಗಲವು ಎತ್ತರದ ಎರಡೂಕಾಲರಿಂದ ಎರಡೂವರೆಯ ಒಳಗೆ. ಈಗಿನ ಚಿತ್ರಗಳನೇಕವು ಇದೇ ಅಚ್ಚಿನವು. ಅವು ೬೯ ಸೆಂಟಿಮೀಟರ್ ಎತ್ತರದಲ್ಲಿ ೫೧ನ್ನು ಮಾತ್ರ ತುಂಬುತ್ತವೆ. ಎರಡು ಸಂದರ್ಭಗಳಲ್ಲಿಯೂ ಕೊಂಡ ತೆರೆಯ ಕಾಲುಭಾಗ ಕಪ್ಪಾಗಿಯೇ ಉಳಿಯುತ್ತದೆ. ಯಂತ್ರದ ‘ಜೂಮ್’ ಗುಂಡಿ ಒತ್ತಿ ಪಟ್ಟಿಗಳನ್ನು ತೊಲಗಿಸುವವರು ನಟರ ತಲೆಯನ್ನೂ ಕತ್ತರಿಸುತ್ತಾರೆ. ಸಿನಿಮಾಕ್ಕೆಂದು ಕೊಳ್ಳುವವರು ಸುದ್ದಿ, ಕ್ರಿಕೆಟ್ಟುಗಳಿಗೆ ಕೊಳ್ಳುವವರಿಗಿಂತ ಒಂದು ಗಾತ್ರ ದೊಡ್ಡದನ್ನು ಯೋಚಿಸಬೇಕಾದುದಕ್ಕೆ ಇದೂ ಒಂದು ಕಾರಣ. ಆ ಪಟ್ಟಿಗಳು ರಾತ್ರಿಯಲ್ಲಿ ಬೂದಿಯಂತೆ ಬೆಳಗದೆ ಕಪ್ಪಾಗಿಯೇ ಇರಬೇಕಾದರೆ ವಿ.ಎ. ಜಾತಿಯೇ ಬೇಕು. ಪಡಸಾಲೆಯ ತುಂಬ ನೆಂಟರಿಷ್ಟರು ಹರಡಿ ಕುಳಿತುಕೊಳ್ಳುವ ಮನೆಯಾದರೆ ಐ.ಪಿ.ಎಸ್.ಗೆ ಮತ ಹಾಕಬೇಕಾದೀತು. ಐದೇ ಜನರ ಈ ಮನೆಗೆ ನಾವು ವಿ.ಎ. ಎಂದೆವು.

ಚಲಚ್ಚಿತ್ರವು ಸೆಕೆಂಡಿಗೆ ೨೪ ಚಿತ್ರಗಳ ಮಾಲೆ. ಸಾಧಾರಣ ಯಂತ್ರವು ಸೆಕೆಂಡಿಗೆ ೬೦ ಸಲ ತೆರೆಯನ್ನು ಬದಲಿಸುತ್ತದೆ. ೬೦ನ್ನು ೨೪ರಿಂದ ಭಾಗಿಸಿದರೆ ಎರಡೂವರೆ. ಆದುದರಿಂದ ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಬೇಕಾಗುತ್ತದೆ. ಕ್ಯಾಮೆರಾ ನಿಧಾನವಾಗಿ ಹೊರಳುವಾಗ ಕಾಣುವ ಸಣ್ಣ ಕುಲುಕಾಟ ಇದರಿಂದ. ೧೨೦ರ ಯಂತ್ರದಲ್ಲಿ ಪ್ರತಿ ಚಿತ್ರವೂ ಐದೈದು ಸಲ ಬಂದು ಲೆಕ್ಕ ಸರಿಹೋಗುತ್ತದೆ, ಬೆಲೆ ಹೆಚ್ಚು. ಹಣ ಸಾಲದಿದ್ದರೆ ಬಿಟ್ಟುಕೊಡಬಹುದಾದ ಗುಣ ಇದೆಂದು ನಮ್ಮ ಎಣಿಕೆ. ಆ ಕುಲುಕನ್ನು ಅಳಿಸಲು ಯಂತ್ರವು ನಡುವೆ ತನ್ನದೇ ಚಿತ್ರಗಳನ್ನು ಕಲ್ಪಿಸಿ ತುರುಕುವ ಏರ್ಪಾಡನ್ನು ಮಾತ್ರ ಆರಿಸಿಬಿಡಬೇಕು. ಅದು ಎಂಥ ಸಿನಿಮಾವನ್ನೂ ಧಾರಾವಾಹಿಯಂತೆ ಕಾಣಿಸುತ್ತದೆ.

ಸಪೂರವಾದ ಯಂತ್ರದಲ್ಲಿ ದನಿಗೆ ಸ್ಥಳವಿಲ್ಲ. ಅದರ ಪುಟ್ಟ ಧ್ವನಿವರ್ಧಕಗಳು ನೆಲದ ಕಡೆಗೆ ಅಥವಾ ಗೋಡೆಯ ಕಡೆಗೆ ಮುಖಮಾಡಿರುತ್ತವೆ. ಮಾತು ನಮಗೆ ತಲಪುವುದು ಗೋಡೆಗಳಿಂದ ಮರುದನಿಯಾಗಿ. ವಿಜಯಪುರದ ಗೋಲಗುಂಬಜದಲ್ಲಿ ಮರುದನಿಯನ್ನು ಕೇಳಲು ಜನ ದೂರದಿಂದ ಬರುತ್ತಾರೆ. ಬರಿಯ ಕಲ್ಲುಗೋಡೆಯ ಪಡಸಾಲೆಯಲ್ಲಿ ಅದೇ ಗುಣವು ಸಂಭಾಷಣೆಯನ್ನು ಕೆಡಿಸುತ್ತದೆ. ಉಳಿಸಿದ ಹಣದಲ್ಲಿ ಮುಂದಕ್ಕೆ ಮುಖಮಾಡಿದ ಒಂದು ಸೌಂಡ್ ಬಾರನ್ನು ಕೊಳ್ಳಬೇಕೆಂದೂ, ಎದುರುಗೋಡೆಗೆ ಮನೆಯಲ್ಲಿಯೇ ಹೊಲಿದ ಎರಡು ಕೌದಿಗಳನ್ನು ತೂಗಬೇಕೆಂದೂ ಹೇಳಿದೆವು. ಹಲವು ಪದರಗಳ ಹಳೆಯ ಬಟ್ಟೆಯು ಶಬ್ದವನ್ನು ಹೀರುವುದರಲ್ಲಿ ಕೊಂಡುತರುವ ಯಾವ ಹಲಗೆಗೂ ಬಹಳ ಹಿಂದೆ ಬೀಳದು.

ವಿದ್ಯುತ್ತಿನ ಖರ್ಚು ಹೆದರುವಂಥದಲ್ಲ. ೧೦೦ ವಾಟಿನ ಯಂತ್ರ ದಿನಕ್ಕೆ ಮೂರು ತಾಸು ನಡೆದರೆ ತಿಂಗಳಿಗೆ ೯ ಯೂನಿಟ್ಟು. ಯಂತ್ರದ ಬೆನ್ನಮೇಲೆ ಅದು ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿನವರೆಗೆ ತಾಳುತ್ತದೆಂದು ಬರೆದಿರುತ್ತದೆ, ಅದನ್ನು ಓದಿಕೊಳ್ಳಬೇಕು. ಗುಡುಗುಮಳೆಯ ಹೊತ್ತಿನಲ್ಲಿ ವಿದ್ಯುತ್ ತಂತಿಯನ್ನಷ್ಟೇ ಅಲ್ಲದೆ ಮಾಳಿಗೆಯ ಮೇಲಿನ ಬೋಗುಣಿಯಿಂದ ಬರುವ ತಂತಿಯನ್ನೂ ಮೊದಲೇ ಕಳಚಬೇಕು. ದುರಸ್ತಿಯವರು ತಾಲ್ಲೂಕಿನವರೆಗೆ ಬರುವರೆ ಎಂಬುದನ್ನು ರಸೀದಿ ಬರೆಸುವ ಮುನ್ನವೇ ಕೇಳಬೇಕು. ತೆರಿಗೆಯ ವಿಷಯ: ೨೦೨೫ರ ಸೆಪ್ಟೆಂಬರ್ ೨೨ರಿಂದ ೩೨ ಅಂಗುಲಕ್ಕಿಂತ ದೊಡ್ಡ ಯಂತ್ರಗಳ ಮೇಲಣ ಜಿ.ಎಸ್.ಟಿ. ನೂರಕ್ಕೆ ೨೮ರಿಂದ ೧೮ಕ್ಕೆ ಇಳಿಯಿತು. ಮೊದಲು ೪೦,೦೦೦ ಇದ್ದ ಯಂತ್ರದ ಬೆಲೆ, ಇಳಿಕೆಯೆಲ್ಲ ಗಿರಾಕಿಗೆ ಸಂದರೆ, ೩೬,೮೭೫ ಆಗಬೇಕು. ಹಳೆಯ ಬೆಲೆಯನ್ನು ತೋರಿಸಿ ‘ರಿಯಾಯಿತಿ’ ಎನ್ನುವವರ ಮುಂದೆ ಈ ಭಾಗಾಕಾರವನ್ನು ಮಾಡಬಹುದು.

ಮುಂದಿನ ವಾರ ೫೫ ಅಂಗುಲದ ಸಾದಾ ಯಂತ್ರವೇ ಹಳ್ಳಿಗೆ ಬಂದಿತು. ಟೆಂಪೋದಲ್ಲಿ ಅದನ್ನು ಮಲಗಿಸಲು ಹೊರಟಿದ್ದ ಹುಡುಗರನ್ನು ತಡೆದು, ಗಾಜಿನ ಹಲಗೆಯನ್ನು ಸಾಗಿಸುವಂತೆ ನೆಟ್ಟಗೆ ನಿಲ್ಲಿಸಿ ತಂದೆವು. ಮಗಳು ಚಿತ್ರದ ಕ್ರಮವನ್ನು ‘ವಿವಿಡ್’ನಿಂದ ‘ಸಿನಿಮಾ’ಕ್ಕೆ ಬದಲಿಸಿದಳು. ಬಿಳಿಯು ಹಳದಿಯಾಯಿತೆಂದು ಯಜಮಾನರು ಮುನಿಸಿಕೊಂಡರು. ಕಾಲುಗಂಟೆಯಲ್ಲಿ ಕಣ್ಣು ಹೊಂದಿಕೊಂಡಿತು.

ಆಯಿಯ ಮಾತಿಗೆ ಲೆಕ್ಕ ಒಪ್ಪಿಸುವುದು ಉಳಿದಿತ್ತು. ಸಿನಿಮಾಸ್ಕೋಪು ಚಿತ್ರದಲ್ಲಿ ನಟನ ಮುಖವು ಚಿತ್ರದ ಎತ್ತರದ ಆರನೆಯ ಒಂದು ಪಾಲಿನಷ್ಟಿದೆ ಎಂದುಕೊಳ್ಳಿ. ೪೩ ಅಂಗುಲದ ಮೇಲೆ ಅದು ೬.೬ ಸೆಂಟಿಮೀಟರ್, ೧೦ ಅಡಿಯಿಂದ ನೋಡಿದಾಗ, ೨೨ ಸೆಂಟಿಮೀಟರಿನ ನಿಜವಾದ ಮುಖವೊಂದು ೩೩ ಅಡಿ ದೂರದಲ್ಲಿ ಕಂಡಂತೆ. ೫೫ ಅಂಗುಲದ ಮೇಲೆ ಅದೇ ಮುಖ ೮.೫ ಸೆಂಟಿಮೀಟರ್, ಏಳೂವರೆ ಅಡಿಯಿಂದ ನೋಡಿದಾಗ ೧೯ ಅಡಿ ದೂರದಲ್ಲಿ ನಿಂತವರ ಮುಖ. ಆಯಿಯ ದೃಷ್ಟಿಯನ್ನು ವೈದ್ಯರು ೬/೧೨ ಎಂದು ಬರೆದಿದ್ದರು. ಉಳಿದವರು ಕಾಣುವುದನ್ನು ಕಾಣಲು ಅವರಿಗೆ ಎರಡರಷ್ಟು ಕೋನ ಬೇಕು. ಆದುದರಿಂದ ಉಳಿದವರ ಅರ್ಧ ದೂರಕ್ಕೆ, ನಾಲ್ಕು ಅಡಿಗೆ, ಅವರ ಚಾಪೆಯನ್ನು ಹಾಸಿದೆವು. ಹತ್ತಿರ ಕುಳಿತರೆ ಕಣ್ಣು ಹಾಳಾಗುವುದೆಂದು ಯಜಮಾನರು ಆಕ್ಷೇಪಿಸಿದರು. ದೂರದರ್ಶನವನ್ನು ಹತ್ತಿರದಿಂದ ನೋಡುವುದರಿಂದ ಕಣ್ಣು ದಣಿಯಬಹುದೇ ಹೊರತು ಕೆಡುವುದಿಲ್ಲವೆಂದು ನಾವು ಹೇಳಿದೆವು. ಅಷ್ಟರಲ್ಲಿ ಚಿತ್ರ ಆರಂಭವಾಗಿತ್ತು. ಆಯಿ ಚಾಪೆಯನ್ನು ಇನ್ನೂ ಒಂದು ಗೇಣು ಮುಂದಕ್ಕೆ ಎಳೆದುಕೊಂಡು, ನಮ್ಮೆಲ್ಲರನ್ನೂ ಸುಮ್ಮನಿರುವಂತೆ ಕೈಸನ್ನೆ ಮಾಡಿದರು.